ಎಂಟು ಬಣ್ಣದ ಗಂಟೆಗಳು: ಮೂರು ತಿಂಗಳ ಪಾಠದ ನಂತರ

ಕಳೆದ ದಸರೆಯ ಹೊತ್ತಿಗೆ ನನ್ನ ತಮ್ಮ, ನಾಲ್ಕು ವರ್ಷದ ನನ್ನ ಮೊಮ್ಮಗಳಿಗೆಂದು ಆನ್‌ಲೈನಿನಲ್ಲಿ ತರಿಸಿಕೊಟ್ಟ ಬಣ್ಣದ ಗಂಟೆಗಳ ಪೆಟ್ಟಿಗೆಯನ್ನು ನಾನು ಮೊದಲು ಆಟಿಕೆಯೆಂದೇ ಎಣಿಸಿ ಅಟ್ಟಕ್ಕೆ ಹಾಕುವವಳಿದ್ದೆ. ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮಕ್ಕಳಿಗೆ ವೀಣೆ ಮತ್ತು ಹಾಡುಗಾರಿಕೆ ಹೇಳಿಕೊಡುತ್ತಿರುವವಳಿಗೆ, ‘ಸ್ವರ ಗೊತ್ತಿಲ್ಲದೆಯೇ ಮೊದಲ ದಿನವೇ ನುಡಿಸಿ’ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಮಾತು ಸಹಜವಾಗಿಯೇ ಹಿಡಿಸಲಿಲ್ಲ. ಆದರೂ ತಂದುಕೊಟ್ಟವನ ಮನಸ್ಸಿಗೆ ನೋವಾಗಬಾರದೆಂದು ಒಂದು ಮಧ್ಯಾಹ್ನ ಚಾಪೆಯ ಮೇಲೆ ಅವುಗಳನ್ನು ಸಾಲಾಗಿ ಜೋಡಿಸಿದೆ. ಅಂದಿನಿಂದ ಮೂರು ತಿಂಗಳು ಈ ಗಂಟೆಗಳು ನನ್ನ ಪಾಠದ ಕೋಣೆಯಲ್ಲೇ ಇದ್ದವು. ಆ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇಂಥವೇ ಪೆಟ್ಟಿಗೆಗಳು ಹಲವು ಹೆಸರುಗಳಲ್ಲಿ ಮಾರಾಟಕ್ಕಿರುವುದರಿಂದ ತಯಾರಕರ ಹೆಸರನ್ನು ಹೇಳುವ ಅಗತ್ಯ ನನಗೆ ಕಾಣುವುದಿಲ್ಲ.

ಪೆಟ್ಟಿಗೆಯಲ್ಲಿರುವುದು ಎಂಟು ಲೋಹದ ಗಂಟೆಗಳು. ಹಳೆಯ ಹೋಟೆಲುಗಳ ಗಲ್ಲಾದ ಮೇಲಿರುತ್ತಿದ್ದ ಕರೆಗಂಟೆಯ ಆಕಾರ. ನೆತ್ತಿಯ ಗುಂಡಿಯನ್ನು ಒತ್ತಿದರೂ ನುಡಿಯುತ್ತವೆ, ಜೊತೆಗೆ ಕೊಟ್ಟಿರುವ ಪುಟ್ಟ ಕೋಲಿನಿಂದ ತಟ್ಟಿದರೂ ನುಡಿಯುತ್ತವೆ. ಕೆಳಗಿನ ಷಡ್ಜಕ್ಕೆ, ಅಂದರೆ ‘ಸ’ಕ್ಕೆ, ಕೆಂಪು, ಅಲ್ಲಿಂದ ಮೇಲಕ್ಕೆ ರಿ, ಗ, ಮ, ಪ, ದ, ನಿಗಳಿಗೆ ಕ್ರಮವಾಗಿ ಕಿತ್ತಳೆ, ಹಳದಿ, ತಿಳಿಹಸಿರು, ಕಡುಹಸಿರು, ನೇರಳೆ, ಗುಲಾಬಿ, ಕೊನೆಗೆ ಮೇಲಿನ ಷಡ್ಜಕ್ಕೆ ಮತ್ತೆ ಕೆಂಪು. ಹದಿನೈದು ಹಾಡಿನ ಕಾರ್ಡುಗಳಿವೆ. ಅವುಗಳಲ್ಲಿ ಸ್ವರಗಳ ಬದಲು ಬಣ್ಣದ ಚುಕ್ಕೆಗಳು. ಕೀಬೋರ್ಡಿನ ಮನೆಗಳಿಗೆ ಅಂಟಿಸಲು ಬಣ್ಣದ ಸ್ಟಿಕ್ಕರುಗಳ ಒಂದು ಹಾಳೆಯೂ ಇದೆ. ಒಟ್ಟು ಬೆಲೆ 2,650 ರೂಪಾಯಿ.

ಮೊದಲ ದಿನ ಆದದ್ದನ್ನು ಆದಂತೆಯೇ ಹೇಳಬೇಕು. ಇನ್ನೂ ಅ ಆ ಇ ಈ ತಿದ್ದುತ್ತಿರುವ ಮಗು, ಅರ್ಧ ಗಂಟೆಯೊಳಗೆ ಒಂದು ಕಾರ್ಡಿನ ಎರಡು ಸಾಲುಗಳನ್ನು ಯಾರ ಸಹಾಯವೂ ಇಲ್ಲದೆ ನುಡಿಸಿತು. ಚುಕ್ಕೆ ನೋಡುವುದು, ಅದೇ ಬಣ್ಣದ ಗಂಟೆಯನ್ನು ಹುಡುಕುವುದು, ತಟ್ಟುವುದು, ಇಷ್ಟೇ ಕೆಲಸ. ಆದರೆ ಆ ತಟ್ಟುವಿಕೆಯಿಂದ ತನಗೆ ಗೊತ್ತಿರುವ ಹಾಡೊಂದು ಹೊರಬರುತ್ತಿದೆಯೆಂದು ತಿಳಿದ ಕ್ಷಣದಲ್ಲಿ ಅವಳ ಮುಖದಲ್ಲಿ ಕಂಡದ್ದನ್ನು, ಸ್ವರಗಳ ಮೊದಲ ಅಭ್ಯಾಸವಾದ ಸರಳೆ ವರಸೆಯ ಮೊದಲ ತಿಂಗಳಿನಲ್ಲಿ ನಾನು ಯಾವ ಮಗುವಿನ ಮುಖದಲ್ಲಿಯೂ ಕಂಡಿಲ್ಲ. ಒಬ್ಬ ಟೀಚರ್ ಇದನ್ನು ಒಪ್ಪಿಕೊಳ್ಳುವುದು ಸುಲಭವಲ್ಲ.

ಹಾಗಿದ್ದರೂ ಬಣ್ಣದ ಪದ್ಧತಿ ಪರಿಹರಿಸುತ್ತಿರುವುದು ಮೂಲತಃ ಯಾರ ಕಷ್ಟವನ್ನು ಎಂಬುದನ್ನು ಕೊಳ್ಳುವ ಮೊದಲು ಯೋಚಿಸಬೇಕು. ಪಾಶ್ಚಾತ್ಯ ಸಂಗೀತದ ಸ್ವರಲಿಪಿ ಐದು ಗೆರೆಗಳ ಮೇಲೆ ನಿಂತಿದೆ. ಗೆರೆಯ ಮೇಲೋ ಗೆರೆಗಳ ನಡುವೆಯೋ ಇರುವ ಒಂದು ಗುಂಡಿನ ಸ್ಥಾನವನ್ನು ನೋಡಿ ಮಗು ಅದರ ಹೆಸರನ್ನು ಗುರುತಿಸಬೇಕು, ಹೆಸರಿನಿಂದ ವಾದ್ಯದ ಮೇಲಿನ ಜಾಗವನ್ನು ಹುಡುಕಬೇಕು, ಜೊತೆಗೆ ಆ ಗುಂಡಿನ ಆಕಾರದಿಂದ ಅದು ಎಷ್ಟು ಹೊತ್ತು ನಿಲ್ಲಬೇಕೆಂದು ಲೆಕ್ಕ ಹಾಕಬೇಕು. ಈ ಮೂರು ಮೆಟ್ಟಿಲುಗಳಲ್ಲಿ ಮೊದಲ ಎರಡನ್ನು ಬಣ್ಣವು ಒಂದೇ ಹೆಜ್ಜೆಯಲ್ಲಿ ದಾಟಿಸುತ್ತದೆ. ನಮ್ಮ ಪುಸ್ತಕಗಳಲ್ಲಿಯಾದರೋ ಸ ರಿ ಗ ಮ ಎಂಬ ಅಕ್ಷರಗಳೇ ಸ್ವರಲಿಪಿ. ಮೇಲೆ ಚುಕ್ಕೆಯಿಟ್ಟರೆ ತಾರ, ಅಂದರೆ ಮೇಲಿನ ಸ್ಥಾಯಿ, ಕೆಳಗೆ ಚುಕ್ಕೆಯಿಟ್ಟರೆ ಮಂದ್ರ, ಅಂದರೆ ಕೆಳಗಿನ ಸ್ಥಾಯಿ, ಅಲ್ಪವಿರಾಮದ ಗುರುತಿಟ್ಟರೆ ಒಂದು ಅಕ್ಷರಕಾಲದ ಎಳೆತ, ಅರ್ಧವಿರಾಮವಿಟ್ಟರೆ ಎರಡು. ಅಕ್ಷರ ಬಲ್ಲ ಮಗುವಿಗೆ ಇದು ಒಂದು ವಾರದ ಕೆಲಸ. ಆದ್ದರಿಂದ ಪಾಶ್ಚಾತ್ಯ ಪಿಯಾನೋ ಕಲಿಯುವ ಮಗುವಿಗೆ ಬಣ್ಣದಿಂದ ಆಗುವಷ್ಟು ಉಳಿತಾಯ ನಮ್ಮ ಸಂಗೀತ ಕಲಿಯುವ ಏಳು ವರ್ಷದ ಮಗುವಿಗೆ ಆಗುವುದಿಲ್ಲ. ಅಕ್ಷರವಿನ್ನೂ ಬಾರದ ಮಗುವಿನ ಮಟ್ಟಿಗೆ ಮಾತ್ರ ಲಾಭ ನಿಜವಾದದ್ದು.

ಇನ್ನು ಈ ಎಂಟು ಗಂಟೆಗಳಲ್ಲಿ ಏನನ್ನು ನುಡಿಸಬಹುದು ಎಂಬ ವಿಷಯ. ಇವುಗಳ ಸ್ವರಗಳು ನಮ್ಮ ಲೆಕ್ಕದಲ್ಲಿ ಇಪ್ಪತ್ತೊಂಬತ್ತನೆಯ ಮೇಳ, ಅಂದರೆ ಮೂಲರಾಗ, ಆದ ಧೀರಶಂಕರಾಭರಣ, ಹಿಂದೂಸ್ತಾನಿಯವರಿಗೆ ಬಿಲಾವಲ್. ಕರ್ನಾಟಕ ಸಂಗೀತದ ಪಾಠವಾದರೋ ಪುರಂದರದಾಸರು ಹಾಕಿಕೊಟ್ಟರೆಂದು ನಾವು ನಂಬಿಕೊಂಡು ಬಂದಿರುವ ಕ್ರಮದಲ್ಲಿ ಹದಿನೈದನೆಯ ಮೇಳವಾದ ಮಾಯಾಮಾಳವಗೌಳದಿಂದ ಮೊದಲಾಗುತ್ತದೆ. ಆ ರಾಗಕ್ಕೆ ಶುದ್ಧ ರಿಷಭ ಮತ್ತು ಶುದ್ಧ ಧೈವತ, ಅಂದರೆ ತಗ್ಗಿನ ರಿ ಮತ್ತು ತಗ್ಗಿನ ದ, ಬೇಕು. ಕೀಬೋರ್ಡಿನಲ್ಲಿ ಅವು ಕಪ್ಪು ಮನೆಗಳು, ಈ ಪೆಟ್ಟಿಗೆಯಲ್ಲಿ ಅವು ಇಲ್ಲವೇ ಇಲ್ಲ. ಅಂದರೆ ನಮ್ಮ ಮಕ್ಕಳು ಕಲಿಯುವ ಮೊತ್ತಮೊದಲ ಸರಳೆಯನ್ನೇ ಇದರಲ್ಲಿ ಸರಿಯಾದ ರಾಗದಲ್ಲಿ ನುಡಿಸಲಾಗದು. ಸರಳೆಗಳು ಮುಗಿದ ಮೇಲೆ ಮಕ್ಕಳು ಕಲಿಯುವ, ಮಲಹರಿ ರಾಗದ ಪಿಳ್ಳಾರಿ ಗೀತೆಗಳಿಗೂ ಅದೇ ಗತಿ. ಮೋಹನ ರಾಗಕ್ಕೆ ಬಂದರೆ ಸ್ವಲ್ಪ ಸಮಾಧಾನ: ತಿಳಿಹಸಿರು ಮತ್ತು ಗುಲಾಬಿ ಗಂಟೆಗಳನ್ನು ಎತ್ತಿಟ್ಟರೆ ಉಳಿಯುವುದು ಮೋಹನವೇ. ಆದರೆ ಎಲ್ಲ ಮಕ್ಕಳೂ ಕಲಿಯುವ ಮೋಹನದ ಮೊದಲ ಗೀತೆ ಶುರುವಿನಲ್ಲಿಯೇ ತಾರಸ್ಥಾಯಿಯ ರಿಷಭಕ್ಕೆ ಏರುತ್ತದೆ, ನಮ್ಮ ಗಂಟೆಗಳು ತಾರ ಷಡ್ಜಕ್ಕೇ ಮುಗಿದುಹೋಗುತ್ತವೆ. ಆ ಒಂದು ಜಾಗ ಬಂದಾಗಲೆಲ್ಲ ನನ್ನ ಮೊಮ್ಮಗಳು ಕೋಲನ್ನು ಗಾಳಿಯಲ್ಲಿ ಆಡಿಸಿ ಬಾಯಲ್ಲಿ ‘ರಿ’ ಎನ್ನುವುದನ್ನು ರೂಢಿ ಮಾಡಿಕೊಂಡಳು.

ಎತ್ತಿಡಲು ಬರುವುದೇ ಈ ವಾದ್ಯದ ದೊಡ್ಡ ಗುಣವೆಂದು ನನಗೆ ತೋರಿದೆ. ವೀಣೆಯ ಮೆಟ್ಟಿಲನ್ನಾಗಲಿ ಹಾರ್ಮೋನಿಯಂನ ಮನೆಯನ್ನಾಗಲಿ ಕಿತ್ತು ಪಕ್ಕಕ್ಕಿಡಲಾಗುವುದಿಲ್ಲ, ಗಂಟೆಯನ್ನು ಇಡಬಹುದು. ಮಧ್ಯಮ, ನಿಷಾದಗಳನ್ನು ತೆಗೆದಾಗ ಮೋಹನ, ಮಧ್ಯಮ, ಧೈವತಗಳನ್ನು ತೆಗೆದಾಗ ಹಂಸಧ್ವನಿ, ಗಾಂಧಾರ, ನಿಷಾದಗಳನ್ನು ತೆಗೆದಾಗ ಶುದ್ಧ ಸಾವೇರಿ ಎಂದು ತೋರಿಸಿದರೆ, ಐದೇ ಸ್ವರಗಳ ಔಡವ ರಾಗವೆಂದರೇನು ಎಂಬ ವಿವರಣೆಯೇ ಬೇಡವಾಗುತ್ತದೆ. ಒಂಬತ್ತು, ಹತ್ತು ವರ್ಷದ ನನ್ನ ಶಿಷ್ಯರಿಗೆ ಆ ಪಾಠ ಇಷ್ಟು ಸಲೀಸಾಗಿ ಹಿಂದೆಂದೂ ಹತ್ತಿರಲಿಲ್ಲ.

ಆದರೆ ಅದೇ ಪಾಠದ ಮುಂದಿನ ಹೆಜ್ಜೆಯಲ್ಲಿ ಬಣ್ಣ ಅಡ್ಡ ಬಂತು. ಮೋಹನದ ಐದು ಗಂಟೆಗಳನ್ನು ಹಾಗೆಯೇ ಇಟ್ಟುಕೊಂಡು ಕಿತ್ತಳೆಯನ್ನು ಷಡ್ಜವೆಂದು ಭಾವಿಸಿ ನುಡಿಸಿದರೆ ಮಧ್ಯಮಾವತಿ ಕೇಳುತ್ತದೆ, ಹಳದಿಯನ್ನು ಷಡ್ಜವೆಂದರೆ ಹಿಂದೋಳ. ಷಡ್ಜದ ಜಾಗ ಬದಲಿಸಿದಾಗ ರಾಗವೇ ಬದಲಾಗುವ ಈ ಗ್ರಹಭೇದವನ್ನು ಕಿವಿಗೆ ಮುಟ್ಟಿಸಲು ಇದಕ್ಕಿಂತ ಒಳ್ಳೆಯ ಸಾಧನ ಬೇಕಿಲ್ಲ ಎಂದುಕೊಂಡು ನಾನು ಹುರುಪಿನಿಂದ ಕುಳಿತರೆ, ಮಕ್ಕಳು ಒಪ್ಪಲಿಲ್ಲ. ‘ಸ ಅಂದರೆ ಕೆಂಪಲ್ವಾ ಮಿಸ್’ ಎಂಬುದು ಅವರ ವಾದ. ಆರು ವಾರಗಳಲ್ಲಿ ಷಡ್ಜಕ್ಕೂ ಕೆಂಪಿಗೂ ಅವರ ಮನಸ್ಸಿನಲ್ಲಿ ಗಂಟು ಬಿದ್ದಿತ್ತು. ಇದು ಮಕ್ಕಳ ತಪ್ಪಲ್ಲ, ಪದ್ಧತಿಯ ಸ್ವಭಾವ. ಪಾಶ್ಚಾತ್ಯ ಪದ್ಧತಿಯಲ್ಲಿ ಒಂದು ಸ್ವರದ ಹೆಸರು ಒಂದು ನಿಶ್ಚಿತ ಕಂಪನಕ್ಕೆ ಅಂಟಿಕೊಂಡಿರುವುದರಿಂದ ಅದಕ್ಕೆ ಒಂದು ಬಣ್ಣವನ್ನು ಅಂಟಿಸುವುದು ಸಲ್ಲುತ್ತದೆ. ನಮ್ಮಲ್ಲಿ ಹಾಡುವವರ ಕಂಠ ಎಲ್ಲಿ ನೆಲೆ ನಿಲ್ಲುತ್ತದೆಯೋ ಅದೇ ಷಡ್ಜ. ಈ ಪೆಟ್ಟಿಗೆಯ ಷಡ್ಜವು ಒಂದು ಮನೆ ಶ್ರುತಿ (ಹಾರ್ಮೋನಿಯಂನ ಮನೆಗಳನ್ನು ಎಣಿಸಿ ಹೇಳುವ ಲೆಕ್ಕ, ಪಾಶ್ಚಾತ್ಯರ ‘ಸಿ’), ಅದೂ ಸುಮಾರು 523 ಹರ್ಟ್ಜ್‌ನಷ್ಟು ಮೇಲಿನದು. ಐದೂವರೆ ಮನೆಗೆ ಹಾಡುವ ನನ್ನ ಶಿಷ್ಯೆಯರ ಷಡ್ಜ 208 ಹರ್ಟ್ಜ್‌ನ ಹತ್ತಿರದ್ದು. ಹೀಗಾಗಿ ನುಡಿಸುತ್ತ ಹಾಡಿ ಎಂದರೆ ಮಕ್ಕಳು ಒಂದೋ ಕಿರುಚುತ್ತಾರೆ, ಇಲ್ಲವೇ ಶ್ರುತಿ ಬಿಟ್ಟು ಗೊಣಗುತ್ತಾರೆ. ಹಾಡುಗಾರಿಕೆಯ ಪಾಠಕ್ಕೆ ಈ ಗಂಟೆಗಳನ್ನು ಬಳಸುವುದನ್ನು ನಾನು ಎರಡನೆಯ ವಾರದಲ್ಲಿಯೇ ನಿಲ್ಲಿಸಿದೆ.

ಸ್ವರಕ್ಕೆ ಬಣ್ಣ ಹಚ್ಚುವ ಆಸೆ ಹೊಸದೇನಲ್ಲ, ಹೊರಗಿನದೂ ಅಲ್ಲ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಏಳು ಸ್ವರಗಳಿಗೂ ಬಣ್ಣ ಹೇಳಿದ್ದಾನೆ: ಷಡ್ಜಕ್ಕೆ ಕಮಲದ್ದು, ಗಾಂಧಾರಕ್ಕೆ ಬಂಗಾರದ್ದು, ಮಧ್ಯಮಕ್ಕೆ ಕುಂದಪುಷ್ಪದ ಬಿಳುಪು, ಪಂಚಮಕ್ಕೆ ಕಪ್ಪು, ಧೈವತಕ್ಕೆ ಹಳದಿ, ನಿಷಾದಕ್ಕೆ ಹಲವು ಬಣ್ಣಗಳ ಮಿಶ್ರಣ. ನ್ಯೂಟನ್ 1704ರಲ್ಲಿ ಪ್ರಕಟಿಸಿದ ಬೆಳಕಿನ ಕುರಿತಾದ ಗ್ರಂಥದಲ್ಲಿ ಏಳು ಬಣ್ಣಗಳ ಚಕ್ರವನ್ನು ಸ್ವರಾಂತರಗಳ ಅನುಪಾತದಲ್ಲಿಯೇ ಪಾಲು ಮಾಡಿದ. ರಷ್ಯಾದ ಸ್ಕ್ರಿಯಾಬಿನ್ 1910ರ ತನ್ನ ವಾದ್ಯವೃಂದದ ಕೃತಿಯೊಂದರಲ್ಲಿ ಬಣ್ಣದ ಬೆಳಕಿಗೇ ಒಂದು ಪ್ರತ್ಯೇಕ ಸಾಲನ್ನು ಬರೆದ. ಇವರು ಯಾರೂ ಮಕ್ಕಳಿಗೆ ಪಾಠ ಹೇಳಲು ಹೊರಟವರಲ್ಲ. ಆದರೆ ಒಂದು ಸಂಗತಿ ನನಗೆ ಮೋಜೆನಿಸಿತು. ಶಾರ್ಙ್ಗದೇವನ ಕಮಲ, ಸ್ಕ್ರಿಯಾಬಿನ್‌ನ ಮೊದಲ ಸ್ವರ, ನನ್ನ ಮೊಮ್ಮಗಳ ಮೊದಲ ಗಂಟೆ, ಎಲ್ಲವೂ ಕೆಂಪೇ. ಎರಡನೆಯ ಸ್ವರಕ್ಕೆ ಬರುವಷ್ಟರಲ್ಲಿ ಒಬ್ಬರದು ಇನ್ನೊಬ್ಬರದಕ್ಕೆ ಹೊಂದುವುದಿಲ್ಲ.

ಈ ಹೊಂದದಿರುವಿಕೆ ಇಂದಿನ ಅಂಗಡಿಗಳಲ್ಲಿಯೂ ಇದೆ ಎಂಬುದನ್ನು ಕೊಳ್ಳುವವರು ಗಮನಿಸಬೇಕು. ಅಮೆರಿಕದ ಕ್ರೇಗ್ ರಾಮ್ಸೆಲ್ ಎಂಬವರು 1990ರ ದಶಕದಲ್ಲಿ ರೂಪಿಸಿದ ಬೂಮ್‌ವ್ಯಾಕರ್ಸ್ ಎಂಬ ಪ್ಲಾಸ್ಟಿಕ್ ಕೊಳವೆಗಳ ಬಣ್ಣದ ಕ್ರಮವೂ ನಮ್ಮ ಪೆಟ್ಟಿಗೆಯ ಕ್ರಮವೂ ಬಹುಪಾಲು ಒಂದೇ. ಶಾಲೆಗಳಲ್ಲಿ ಆ ಕೊಳವೆಗಳು ಹರಡಿದ್ದರಿಂದ ಹಲವು ತಯಾರಕರು ಅದನ್ನು ಅನುಸರಿಸುತ್ತಾರೆ. ಇನ್ನು ಕೆಲವರು ಕಾಮನಬಿಲ್ಲಿನ ಕ್ರಮವನ್ನೇ ನೇರವಾಗಿ ಇಟ್ಟು ಪಂಚಮಕ್ಕೆ ನೀಲಿ ಕೊಡುತ್ತಾರೆ. ನನ್ನ ಪೆಟ್ಟಿಗೆಯಲ್ಲಿ ಗಂಟೆಗಳು ಒಂದು ಕ್ರಮದವು, ಜೊತೆಯ ಸ್ಟಿಕ್ಕರುಗಳು ಇನ್ನೊಂದು ಕ್ರಮದವು. ಗಂಟೆಯ ಪಂಚಮ ಕಡುಹಸಿರು, ಕೀಬೋರ್ಡಿನ ಪಂಚಮ ನೀಲಿ! ಗಂಟೆಯಲ್ಲಿ ಕಲಿತ ಹಾಡನ್ನು ಕೀಬೋರ್ಡಿಗೆ ಸಾಗಿಸಲೆಂದೇ ಕೊಟ್ಟ ಸ್ಟಿಕ್ಕರುಗಳಲ್ಲಿ ಈ ಎಡವಟ್ಟು ಆದರೆ ಬಣ್ಣದ ಪದ್ಧತಿಯ ಬುಡವೇ ಅಲ್ಲಾಡಿದಂತೆ. ಮಾರಾಟಗಾರರಿಗೆ ಎರಡು ಬಾರಿ ಬರೆದೆ, ಉತ್ತರ ಬರಲಿಲ್ಲ. ಕಡೆಗೆ ಸ್ಟೇಷನರಿ ಅಂಗಡಿಯಿಂದ ಬಣ್ಣದ ಕಾಗದ ತಂದು ನಾನೇ ಚುಕ್ಕೆಗಳನ್ನು ಕತ್ತರಿಸಿ ಅಂಟಿಸಿದೆ. ಖರ್ಚು ಇಪ್ಪತ್ತು ರೂಪಾಯಿ.

ಕಾರ್ಡುಗಳಲ್ಲಿ ಇದಕ್ಕಿಂತ ದೊಡ್ಡ ಕೊರತೆಯಿದೆ. ಅವು ಯಾವ ಗಂಟೆ ಎಂಬುದನ್ನು ಹೇಳುತ್ತವೆಯೇ ಹೊರತು ಎಷ್ಟು ಹೊತ್ತು ಎಂಬುದನ್ನು ಹೇಳುವುದಿಲ್ಲ. ಎಲ್ಲ ಚುಕ್ಕೆಗಳೂ ಒಂದೇ ಗಾತ್ರ, ಒಂದೇ ಅಂತರ. ಮಗುವಿಗೆ ಮೊದಲೇ ಬಾಯಿಪಾಠವಾಗಿರುವ ಹಾಡಾದರೆ ಲಯ ತಾನಾಗಿ ಬರುತ್ತದೆ. ಕೇಳದ ಹಾಡಾದರೆ ಚುಕ್ಕೆಗಳು ಬರಿಯ ಚುಕ್ಕೆಗಳಾಗಿಯೇ ಉಳಿಯುತ್ತವೆ. ನಾನು ಉದ್ದದ ಸ್ವರಗಳಿಗೆ ಚುಕ್ಕೆಯ ಬದಲು ಉದ್ದನೆಯ ಪಟ್ಟಿಗಳನ್ನು ಹಾಕಿ, ನಮ್ಮ ಪುಸ್ತಕಗಳಲ್ಲಿರುವಂತೆ ತಾಳದ ಅಂಗ ಮುಗಿಯುವಲ್ಲಿ ಒಂದು ಗೆರೆ, ತಾಳದ ಒಂದು ಪೂರ್ತಿ ಸುತ್ತಾದ ಆವರ್ತನ ಮುಗಿಯುವಲ್ಲಿ ಎರಡು ಗೆರೆ ಎಳೆದು ಬೇರೆ ಕಾರ್ಡುಗಳನ್ನು ಬರೆದುಕೊಂಡ ಮೇಲೆಯೇ ಆದಿತಾಳದಲ್ಲಿ ನುಡಿಸಲು ಸಾಧ್ಯವಾಯಿತು.

ಈ ಯೋಚನೆ ನನ್ನ ಸ್ವಂತದ್ದೆಂದು ನಾನು ಬೀಗುತ್ತಿದ್ದಾಗ, ಫಿನ್ಲೆಂಡಿನ ಕಾರ್ಲೊ ಉಸಿತಾಲೊ ಎಂಬವರು 1990ರ ದಶಕದಲ್ಲಿಯೇ ಇದನ್ನೆಲ್ಲ ಕೂಲಂಕಷವಾಗಿ ಯೋಚಿಸಿಟ್ಟಿದ್ದಾರೆಂದು ನನಗೆ ತಿಳಿಯಿತು. ಫಿಗರ್‌ನೋಟ್ಸ್ ಎಂದು ಹೆಸರಾಗಿರುವ ಅವರ ಪದ್ಧತಿಯಲ್ಲಿ ಬಣ್ಣವು ಸ್ವರವನ್ನು ಹೇಳುತ್ತದೆ, ಆಕಾರವು ಸ್ಥಾಯಿಯನ್ನು ಹೇಳುತ್ತದೆ. ಚೌಕದಿಂದ ವೃತ್ತಕ್ಕೆ, ವೃತ್ತದಿಂದ ತ್ರಿಕೋನಕ್ಕೆ ಹೋದಂತೆ ಸ್ಥಾಯಿ ಮೇಲೇರುತ್ತದೆ. ಗುರುತಿನ ಉದ್ದವೇ ಕಾಲದ ಅಳತೆ, ಅರ್ಧ ಸ್ವರ ಏರಿಸಲು ಅಥವಾ ಇಳಿಸಲು ಮೇಲೊಂದು ಬಾಣ. ಬುದ್ಧಿಮಾಂದ್ಯವಿರುವ ಕಲಿಕೆಗಾರರನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಈ ಪದ್ಧತಿಯನ್ನು ಹೆಲ್ಸಿಂಕಿಯ ರೆಸೊನಾರಿ ಸಂಗೀತ ಕೇಂದ್ರ ಬೆಳೆಸಿತು, ಮುಂದೆ ಸ್ಕಾಟ್ಲೆಂಡಿನ ಸಂಸ್ಥೆಯೊಂದು ತನ್ನ ನಾಡಿಗೆ ತಂದುಕೊಂಡಿತು. ಅಲ್ಲಿ ಬಣ್ಣದ ಗುರುತುಗಳನ್ನು ನಿಧಾನವಾಗಿ ಐದು ಗೆರೆಗಳ ಮೇಲೆ ಕೂರಿಸಿ, ಆಮೇಲೆ ಬಣ್ಣವನ್ನು ತೆಗೆಯುವ ಹಂತಗಳೂ ಇವೆ. ನನ್ನ ಪೆಟ್ಟಿಗೆಯವರು ಬಣ್ಣವನ್ನು ಕೊಟ್ಟಿದ್ದಾರೆ. ಬಣ್ಣದಿಂದ ಹೊರಗೆ ಹೋಗುವ ದಾರಿಯನ್ನು ಕೊಟ್ಟಿಲ್ಲ.

ಆ ದಾರಿ ಬೇಕೇ ಬೇಕು ಎಂಬುದು ನನಗೆ ಮನವರಿಕೆಯಾದದ್ದು ಎಂಟನೆಯ ವಾರದಲ್ಲಿ. ಮೊಮ್ಮಗಳನ್ನು ಗೋಡೆಯ ಕಡೆಗೆ ಮುಖ ಮಾಡಿ ಕೂರಿಸಿ ಒಂದೊಂದೇ ಗಂಟೆಯನ್ನು ನುಡಿಸಿ ಯಾವುದೆಂದು ಕೇಳಿದೆ. ಹತ್ತರಲ್ಲಿ ಆರೇಳು ಬಾರಿ ‘ಹಳದಿ’, ‘ನೇರಳೆ’ ಎಂದು ಸರಿಯಾಗಿಯೇ ಹೇಳಿದಳು; ನನಗೆ ಹೆಮ್ಮೆಯೆನಿಸಿತು. ಅವೇ ಸ್ವರಗಳನ್ನು ಅದೇ ಕ್ರಮದಲ್ಲಿ ವೀಣೆಯಲ್ಲಿ ಮೀಟಿದಾಗ ಮಾತ್ರ, ‘ಇದಕ್ಕೆ ಬಣ್ಣ ಇಲ್ಲ ಅಜ್ಜಿ’ ಎಂದಳು. ಅವಳಿಗೆ ಆ ಗಂಟೆಗಳು ಒಂದೊಂದಾಗಿ ಪರಿಚಯವಾಗಿದ್ದವು, ಸ್ವರಗಳ ನಡುವಿನ ಸಂಬಂಧ ಪರಿಚಯವಾಗಿರಲಿಲ್ಲ. ಸರಳೆಯನ್ನು ಬಾಯಲ್ಲಿ ಹಾಡಿ ಕಲಿತ ನನ್ನ ಆರು ವರ್ಷದ ಶಿಷ್ಯನೊಬ್ಬ ವೀಣೆಯಲ್ಲಿ ಕೇಳಿದರೂ ಗಂಟೆಯಲ್ಲಿ ಕೇಳಿದರೂ ‘ಇದು ಪ, ಅದಕ್ಕಿಂತ ಮೇಲಿನದು ದ’ ಎನ್ನುತ್ತಾನೆ. ಇಬ್ಬರು ಮಕ್ಕಳನ್ನು ನೋಡಿ ಸಿದ್ಧಾಂತ ಕಟ್ಟಬಾರದೆಂಬುದು ನನಗೆ ಗೊತ್ತಿದೆ. ಆದರೆ ಎಂಟನೆಯ ವಾರದಿಂದ ನಾನು ಗಂಟೆಗಳಿಗೆ ಸ, ರಿ, ಗ ಎಂದು ಬರೆದ ಬಿಳಿಯ ಚೀಟಿಗಳನ್ನು ಅಂಟಿಸಿ, ವಾರಕ್ಕೊಂದರಂತೆ ಕಾರ್ಡಿನ ಚುಕ್ಕೆಗಳ ಬಣ್ಣವನ್ನು ಅಕ್ಷರಕ್ಕೆ ಬದಲಿಸುತ್ತ ಬಂದೆ. ಷಡ್ಜದ ಕೆಂಪನ್ನು ಮಾತ್ರ ಕೊನೆಯವರೆಗೆ ಉಳಿಸಿಕೊಂಡೆ. ಗಮಕದ ವಿಷಯವನ್ನು ನಾನು ಎತ್ತುವುದೇ ಇಲ್ಲ. ಸ್ವರವನ್ನು ತೂಗಿ, ಜಾರಿಸಿ, ನಡುಗಿಸಿ ನುಡಿಸುವ ಸಂಗೀತಕ್ಕೆ ತಟ್ಟಿದರೆ ಒಂದೇ ನಾದ ಕೊಡುವ ಗಂಟೆ ಉತ್ತರವಾಗಲಾರದು, ಅದನ್ನು ಅದರಿಂದ ನಿರೀಕ್ಷಿಸುವುದೂ ಸಲ್ಲದು.

ಗಂಟೆಗಳ ಗುಣಮಟ್ಟ ಬೆಲೆಗೆ ತಕ್ಕಂತಿದೆ. ಫೋನಿನಲ್ಲಿ ಟ್ಯೂನರ್ ಆ್ಯಪ್ ಇಟ್ಟು ಪರೀಕ್ಷಿಸಿದಾಗ ಏಳು ಗಂಟೆಗಳು ಐದಾರು ಸೆಂಟುಗಳ ಒಳಗೇ ಇದ್ದವು; ನೇರಳೆಯ ಧೈವತ ಮಾತ್ರ 22 ಸೆಂಟು ಏರಿದೆ. ಅಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರದ ನೂರರಲ್ಲೊಂದು ಭಾಗವೇ ಸೆಂಟ್. ತಂಬೂರಿಯ ಜೊತೆ ನುಡಿಸಿದರೆ ಇಪ್ಪತ್ತೆರಡು ಸೆಂಟು ಕಿವಿಗೆ ಚುಚ್ಚುತ್ತದೆ. ರಾತ್ರಿಯ ಹಳದಿ ಬಲ್ಬಿನ ಬೆಳಕಿನಲ್ಲಿ ಹಳದಿಗೂ ತಿಳಿಹಸಿರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಕೆಂಪು, ಹಸಿರುಗಳನ್ನು ಬೇರ್ಪಡಿಸಿ ನೋಡಲಾಗದ ದೃಷ್ಟಿದೋಷ ಗಂಡುಮಕ್ಕಳಲ್ಲಿ ಹೆಚ್ಚು. ಅದಕ್ಕೆ ಕಾರಣವಾದ ಜೀನುಗಳು ಎಕ್ಸ್ ವರ್ಣತಂತುವಿನಲ್ಲಿರುತ್ತವೆ, ಗಂಡುಮಕ್ಕಳಲ್ಲಿ ಅದು ಒಂದೇ ಇರುತ್ತದೆ. ನಿಮ್ಮ ಮಗ ಕಿತ್ತಳೆಗೂ ತಿಳಿಹಸಿರಿಗೂ ಮತ್ತೆ ಮತ್ತೆ ತಡವರಿಸುತ್ತಿದ್ದರೆ ಗದರುವ ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸುವುದು ಒಳ್ಳೆಯದು.

ಹೀಗೆ ದೋಷಗಳನ್ನೇ ಪಟ್ಟಿ ಮಾಡಿದ ಮೇಲೂ ಈ ಪೆಟ್ಟಿಗೆಯನ್ನು ಕೊಳ್ಳಬೇಡಿ ಎನ್ನಲು ನನಗೆ ಮನಸ್ಸು ಬಾರದಿರುವುದಕ್ಕೆ ಒಬ್ಬ ಹುಡುಗ ಕಾರಣ. ನಮ್ಮ ಬೀದಿಯಲ್ಲೇ ಇರುವ ಅವನಿಗೆ ಹತ್ತೊಂಬತ್ತು ವರ್ಷ. ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ, ಅಕ್ಷರ ಹತ್ತಿಲ್ಲ. ತಂಗಿಯನ್ನು ಪಾಠಕ್ಕೆ ಬಿಡಲು ಬರುತ್ತಿದ್ದವನು ಬಾಗಿಲಲ್ಲೇ ಕುಳಿತು ಕೇಳುತ್ತಿದ್ದ. ಇಷ್ಟು ವರ್ಷಗಳಲ್ಲಿ ಅವನಿಗೆ ಏನಾದರೂ ಕಲಿಸಬಹುದೆಂದು ನನಗೆ ಹೊಳೆದಿರಲಿಲ್ಲವೆಂಬುದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಗಂಟೆಗಳನ್ನು ಕಂಡು ಒಳಗೆ ಬಂದ. ಬಣ್ಣದ ಪಟ್ಟಿಗಳ ಕಾರ್ಡನ್ನು ಎದುರಿಗಿಟ್ಟು ನಾನು ತಾಳ ಹಾಕಿದರೆ, ತಪ್ಪಿದಲ್ಲಿ ತಾನೇ ನಿಲ್ಲಿಸಿ ಮೊದಲಿನಿಂದ ಶುರು ಮಾಡುತ್ತಾನೆ, ಅವಸರವಿಲ್ಲ, ಬೇಸರವಿಲ್ಲ. ಐದನೆಯ ವಾರಕ್ಕೆ ತಂಗಿ ಹಾಡುವಾಗ ಷಡ್ಜ, ಪಂಚಮಗಳನ್ನು ಆವರ್ತನಕ್ಕೆ ಸರಿಯಾಗಿ ತಟ್ಟಿ ಜೊತೆ ಕೊಡುತ್ತಿದ್ದ. ಆ ಒಂದು ಪಾಠಕ್ಕಾಗಿ ತಂಗಿ ತನ್ನ ಐದೂವರೆ ಮನೆಯನ್ನು ಬಿಟ್ಟು ಒಂದು ಮನೆಗೆ, ಗಂಟೆಗಿಂತ ಒಂದು ಸ್ಥಾಯಿ ಕೆಳಗೆ ಹಾಡಲು ಒಪ್ಪಿದಳು. ಅವನ ಮಟ್ಟಿಗೆ ಬಣ್ಣವನ್ನು ತೆಗೆಯುವ ಯೋಚನೆಯನ್ನೇ ನಾನು ಬಿಟ್ಟಿದ್ದೇನೆ. ಅಲ್ಲಿ ಅದು ಏಣಿಯಲ್ಲ, ಅದೇ ಅವನ ಲಿಪಿ.

ಮೂರರಿಂದ ಐದು ವರ್ಷದ ಮಕ್ಕಳಿಗೆ, ಅಕ್ಷರ ಹತ್ತದವರಿಗೆ, ಅರವತ್ತು ದಾಟಿದ ಮೇಲೆ ಒಂದು ಹಾಡನ್ನಾದರೂ ನುಡಿಸಬೇಕೆಂಬ ಆಸೆಯುಳ್ಳವರಿಗೆ ಇದನ್ನು ಕೊಳ್ಳಬಹುದು. ಏಳು ವರ್ಷ ದಾಟಿ ಶಾಸ್ತ್ರೀಯ ಪಾಠಕ್ಕೆ ಸೇರಿದ ಮಗುವಿಗೆ ಇದರ ಅಗತ್ಯವಿಲ್ಲ. ಆ ಹಣದಲ್ಲಿ ಒಂದು ಒಳ್ಳೆಯ ಶ್ರುತಿಪೆಟ್ಟಿಗೆಗೆ ಮುಂಗಡ ಕೊಡಿ. ಕೊಳ್ಳುವುದಾದರೆ ಕಪ್ಪು ಮನೆಗಳ ಐದು ಗಂಟೆಗಳೂ ಸೇರಿರುವ ಹದಿಮೂರರ ಪೆಟ್ಟಿಗೆಯನ್ನೇ ಕೊಳ್ಳಿ, ಆಗ ಮಾಯಾಮಾಳವಗೌಳ ಸಿಕ್ಕುತ್ತದೆ. ನನ್ನ ಪೆಟ್ಟಿಗೆ ಈಗ ಆ ಹುಡುಗನ ಮನೆಯಲ್ಲಿದೆ. ಮೊಮ್ಮಗಳು ಅದನ್ನು ಕೊಡಲು ಒಪ್ಪಿದಳು, ಕೆಂಪು ಗಂಟೆ ಎರಡಿರುವುದರಿಂದ ಒಂದನ್ನು ತಾನಿಟ್ಟುಕೊಳ್ಳುತ್ತೇನೆಂದು ಮಾತ್ರ ಹಟ ಹಿಡಿದಳು. ಮೇಲಿನ ಷಡ್ಜವಿಲ್ಲದೆ ಅವನ ಹಾಡು ಮುಗಿಯುವುದಿಲ್ಲವೆಂದು ತಿಳಿಹೇಳಲು ಒಂದು ಸಂಜೆಯೇ ಹಿಡಿಯಿತು.